ಕವಳಿ ಬೇಲಿ ಹಚ್ಚಿ ನೋಡ್ರಿ!

ಗಬ್ಬೂರ ಕಡೆ ಸೈಟು ಹಿಡಿದವರು ಮೊದಲು ಹುಡುಕುವುದು ಮುಳ್ಳುತಂತಿ. ತಂತಿಗೆ ತುಕ್ಕು ಹಿಡಿಯುತ್ತದೆ, ಕವಳಿ ಕಂಟಿಗೆ ಹಣ್ಣು ಹಿಡಿಯುತ್ತದೆ!

ಹೌದು, ಬ್ಯಾಸಗಿ ಕೊನೆಗೆ ಪೇಟೆಗೆ ಬುಟ್ಟಿಯಲ್ಲಿ ಬರುತ್ತದಲ್ಲ, ಅದೇ ಕರೀ ಕವಳಿಹಣ್ಣು. ಅದು ಕಾಡಿನಲ್ಲೇ ಬೆಳೆಯಬೇಕೆಂದಿಲ್ಲ. ಮಲ್ಲಿಗೆಯಂಥ ಬಿಳಿ ಹೂವು, ವರ್ಷವಿಡೀ ಹಸಿರೆಲೆ. ಕವಲು ಮುಳ್ಳಿಗೆ ಹೆದರಿ ದನ ಹತ್ತಿರ ಸುಳಿಯುವುದಿಲ್ಲ.

ಬೀಜ ಒಣಗಿಸಿ ಇಡಬ್ಯಾಡ್ರಿ, ಹಸಿ ಇರುವಾಗಲೇ ಊರಬೇಕು. ಮುಂಗಾರಿನಲ್ಲಿ 2-3 ಅಡಿಗೊಂದು ಸಸಿ. ನಮ್ಮ ಎರಿಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಅದಕ್ಕೆ ಮಣ್ಣು ಏರಿಸಿ ಒಡ್ಡಿನ ಮೇಲೆ ಹಚ್ಚಿರಿ. ಬೇರು ಇಳಿದ ಮೇಲೆ ನೀರಿನ ಕಾಟವಿಲ್ಲ. ನಳದ ದಾರಿ ಕಾಯುವ ಮಂದಿಗೆ ಇನ್ನೇನು ಬೇಕು? ಹಣ್ಣಿಗೆ ಮಾತ್ರ ಮೂರ್ನಾಲ್ಕು ವರ್ಷ ತಾಳಬೇಕು.

ಅಂದ ಕಾಣಲೆಂದು ಮೇಲಿಂದ ಮೇಲೆ ಕತ್ತರಿ ಆಡಿಸಿದರೆ ಹಣ್ಣಿನ ಆಸೆ ಬಿಡಬೇಕು. ಹೂವು ಬಿಡುವುದೇ ಟೊಂಗೆಯ ತುದಿಗೆ! ಹಣ್ಣು ಮುಗಿದ ಮೇಲೆ ಕತ್ತರಿಸಿರಿ.

ಹುಳಿಗಾಯಿ ಉಪ್ಪಿನಕಾಯಿಗಾಯಿತು. ಇನ್ನು ಬೇಕರಿಯ ಗುಟ್ಟು ಗೊತ್ತೇನು? ಕೇಕಿನ ಮೇಲೆ ಕೆಂಪಗೆ ಹೊಳೆಯುವ ‘ಚೆರ್ರಿ’ ಎಷ್ಟೋ ಸಲ ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕ ಕುಡಿಸಿದ ಕವಳಿಯೇ!

ಸಣ್ಣ ಹುಡುಗರಿದ್ದ ಮನೆಯವರು ಬಾಗಿಲ ಹತ್ತಿರ ಹಚ್ಚಬ್ಯಾಡ್ರಿ. ಮುಳ್ಳು ಅವರ ಕಣ್ಣೆತ್ತರಕ್ಕೇ ಇರುತ್ತದೆ.