ತುಂಗಭದ್ರೆಯ ಎರಡು ದಡಗಳಲ್ಲಿ ಒಂದು ಪೀಳಿಗೆಯ ಬಾಲ್ಯ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳೆದ ಮಕ್ಕಳ ಕಥೆ ಎಂದೊಡನೆ ಯುರೋಪಿನ ದೇಶಗಳು ನೆನಪಾಗುವುದು ಸಹಜ. ಬಾಲ್ಟಿಕ್ ಕಡಲತೀರದ ಎಸ್ಟೋನಿಯವು 1940ರಲ್ಲಿ ಸೋವಿಯತ್ ಸೇನೆಯ ವಶವಾಯಿತು. ಮರುವರ್ಷ ಜರ್ಮನರ ಕೈ ಸೇರಿತು. 1944ರಲ್ಲಿ ಮತ್ತೆ ಸೋವಿಯತ್ ಆಳ್ವಿಕೆಗೆ ಒಳಪಟ್ಟು 1991ರವರೆಗೆ ಹಾಗೆಯೇ ಉಳಿಯಿತು. ಪೋಲೆಂಡಿನಲ್ಲಿ ಜರ್ಮನರು ಪ್ರೌಢಶಾಲೆಗಳನ್ನೂ ವಿಶ್ವವಿದ್ಯಾಲಯಗಳನ್ನೂ ಮುಚ್ಚಿಸಿದಾಗ ಉಪಾಧ್ಯಾಯರು ಮನೆಗಳಲ್ಲಿ ಗುಟ್ಟಾಗಿ ಪಾಠ ನಡೆಸಿದರು. ಯುದ್ಧ ಮುಗಿದ ಬಳಿಕ ಅದೇ ಮಕ್ಕಳ ಕೈಗೆ ಕಮ್ಯುನಿಸ್ಟ್ ಸರ್ಕಾರದ ಪಠ್ಯಪುಸ್ತಕಗಳು ಬಂದವು.

ಆ ದೇಶಗಳು ಕಂಡ ಘೋರವನ್ನು ನಮ್ಮ ಸೀಮೆಯ ಅನುಭವದೊಡನೆ ಸರಿತೂಗುವುದು ಸಲ್ಲದು. ಆದರೂ ಒಂದು ಮಾತು ಎರಡು ಕಡೆಗೂ ಒಪ್ಪುತ್ತದೆ: ಆಳುವವರು ಬದಲಾದರೆ ಮಗುವಿಗೆ ಅದು ಮೊದಲು ತಿಳಿಯುವುದು ಶಾಲೆಯಲ್ಲಿ. ಆಲೂರು, ಆದವಾನಿ ಮತ್ತು ಹೊಳೆಯಾಚೆಯ ರಾಯಚೂರು ಸೀಮೆಗಳಲ್ಲಿ 1940ರ ಆಸುಪಾಸಿನಲ್ಲಿ ಹುಟ್ಟಿದ ಕನ್ನಡದ ಮಕ್ಕಳು ಹದಿನಾರು ತುಂಬುವುದರೊಳಗೆ ಇಂತಹ ಬದಲಾವಣೆಗಳನ್ನು ಒಂದರ ಮೇಲೊಂದರಂತೆ ಕಂಡರು.

ತುಂಗಭದ್ರೆ ಅಂದು ಬರಿಯ ಹೊಳೆಯಾಗಿರಲಿಲ್ಲ, ಎರಡು ಆಳ್ವಿಕೆಗಳ ನಡುವಿನ ಗಡಿಯೂ ಆಗಿತ್ತು. 1800ರಲ್ಲಿ ನಿಜಾಮನು ದಕ್ಷಿಣ ದಡದ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಅಂದಿನಿಂದ ಆಲೂರು, ಆದವಾನಿಗಳು ಮದರಾಸು ಪ್ರಾಂತಕ್ಕೆ ಸೇರಿ, ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಾದವು. ಉತ್ತರದ ರಾಯಚೂರು ನಿಜಾಮನ ರಾಜ್ಯದಲ್ಲಿಯೇ ಉಳಿಯಿತು. ಆದವಾನಿಯಲ್ಲಿ ರೈಲು ಹತ್ತಿ ರಾಯಚೂರಿನಲ್ಲಿ ಇಳಿದವನಿಗೆ ಬೇರೆ ನಾಣ್ಯ ಬೇಕಾಗುತ್ತಿತ್ತು. ಅಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ. ಸರಕು ಸಾಗಿಸುವವನು ಕರೋಡಗಿರಿ ಎಂಬ ಸುಂಕದ ಇಲಾಖೆಗೆ ತೆರಿಗೆ ಕಟ್ಟಬೇಕಾಗಿತ್ತು.

ಮಕ್ಕಳಿಗೆ ಇವೆರಡಕ್ಕಿಂತ ದೊಡ್ಡ ವ್ಯತ್ಯಾಸ ಪಾಠದ ಭಾಷೆಯದು. ಬಳ್ಳಾರಿ ಜಿಲ್ಲೆಯಲ್ಲಿ ಮೇಲಿನ ಕಚೇರಿಗಳ ವ್ಯವಹಾರ ಇಂಗ್ಲಿಷಿನದಾದರೂ ಊರ ಶಾಲೆಗಳಲ್ಲಿ ಕನ್ನಡ, ತೆಲುಗು ಎರಡಕ್ಕೂ ಸ್ಥಳವಿತ್ತು. ಕನ್ನಡ ಸಾಹಿತ್ಯ ಸಮ್ಮೇಳನವು 1926ರಲ್ಲಿ ಮತ್ತು 1938ರಲ್ಲಿ ಬಳ್ಳಾರಿಯಲ್ಲಿಯೇ ನಡೆದಿತ್ತು. ನಿಜಾಮನ ಸೀಮೆಯಲ್ಲಿ ಕೆಳಗಿನ ತರಗತಿಗಳಲ್ಲಿ ಕನ್ನಡಕ್ಕೆ ಅಲ್ಪ ಅವಕಾಶವಿದ್ದರೂ ಮೇಲೇರಿದಂತೆ ಉರ್ದುವೇ ಪಾಠದ ಭಾಷೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಕಲಬುರ್ಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯದಂತಹ ಖಾಸಗಿ ಶಾಲೆಗಳು ಅಲ್ಲಿಯ ಮಕ್ಕಳಿಗೆ ಆಸರೆಯಾದವು. ಉರ್ದು ಕಲಿತುದು ನಷ್ಟವೆಂದಲ್ಲ. ರಾಯಚೂರು ಸೀಮೆಯ ಹೆಂಬರಾಳದಲ್ಲಿ 1924ರಲ್ಲಿ ಹುಟ್ಟಿದ ಕವಿ ಶಾಂತರಸರು ಗಜಲನ್ನು ಕನ್ನಡಕ್ಕೆ ತಂದುದು ಆ ಪರಿಚಯದ ಬಲದಿಂದಲೇ. ಆದರೆ ಮನೆಯ ನುಡಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಾ ಎನ್ನುವ ಶಾಲೆಯಲ್ಲಿ ಎಷ್ಟೋ ಮಕ್ಕಳ ಓದು ನಡುದಾರಿಯಲ್ಲಿಯೇ ನಿಂತಿತು.

ಯುದ್ಧ ಬಂದಾಗ ದಕ್ಷಿಣ ದಡದ ಮನೆಗಳಿಗೆ ಅದರ ಬಿಸಿ ತಟ್ಟಿದ್ದು ಅಂಗಡಿಯ ಮೂಲಕ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ, ಅಲ್ಲಿಂದ ಮದರಾಸು ಪ್ರಾಂತಕ್ಕೆ ಬರುತ್ತಿದ್ದ ಅಕ್ಕಿ ನಿಂತಿತು. ಧಾನ್ಯ, ಸೀಮೆಎಣ್ಣೆ, ಬಟ್ಟೆಗಳಿಗೆ ಅಭಾವ ತಲೆದೋರಿತು. ರೇಷನ್ ಪದ್ಧತಿ ಬಂದಿತು. 1945ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿಗೆ ಎರಡೂ ಸರ್ಕಾರಗಳು ತಮ್ಮ ತಮ್ಮ ದಡದಲ್ಲಿ ಅಡಿಗಲ್ಲು ಹಾಕಿದವು.

ಉತ್ತರ ದಡಕ್ಕೆ ನಿಜವಾದ ಭಯ ಬಂದುದು ಯುದ್ಧ ಮುಗಿದ ಮೇಲೆ. 1947ರ ಆಗಸ್ಟ್ 15ರಂದು ಹೊಳೆಯ ಈಚೆಗೆ ಸ್ವಾತಂತ್ರ್ಯದ ಹಬ್ಬ. ಆಚೆಗೆ ತ್ರಿವರ್ಣ ಧ್ವಜ ಹಿಡಿದವರಿಗೆ ಸೆರೆಮನೆ. ಖಾಸಿಂ ರಜವಿಯ ನಾಯಕತ್ವದ ರಜಾಕಾರರ ಹಾವಳಿ ಹೆಚ್ಚಿದಂತೆ ಸಂಸಾರಗಳು ಮಕ್ಕಳುಮರಿಗಳೊಡನೆ ಮದರಾಸು, ಮುಂಬಯಿ ಪ್ರಾಂತಗಳ ಗಡಿಯೂರುಗಳಿಗೆ ಬಂದು ನೆಲೆಸಿದವು. ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಗಡಿ ಶಿಬಿರಗಳನ್ನು ನಡೆಸಿದರು. ಓದು ಬಿಟ್ಟು ಹೋರಾಟಕ್ಕಿಳಿದ ತರುಣರು ಹಲವರು. ಅದೇ ರಾಜ್ಯದ ಪೂರ್ವಭಾಗವಾದ ನಲ್ಗೊಂಡ, ವರಂಗಲ್ ಸೀಮೆಗಳಲ್ಲಿ 1946ರಿಂದ ಕಮ್ಯುನಿಸ್ಟರ ಸಶಸ್ತ್ರ ಹೋರಾಟ ನಡೆದಿತ್ತು. ಅಲ್ಲಿಯ ಅನೇಕ ಹಳ್ಳಿಗಳಲ್ಲಿ ದೇಶಮುಖರ ಅಧಿಕಾರ ಮುರಿದು, ಸಂಘದವರೇ ಭೂಮಿ ಹಂಚಿ ಆಡಳಿತ ನಡೆಸಿದರು. ಆ ಮಕ್ಕಳು ರಜಾಕಾರರನ್ನು, ಸಂಘದ ದಳಗಳನ್ನು, ಬಳಿಕ ಭಾರತದ ಸೇನೆಯನ್ನು ಒಂದೇ ಬೀದಿಯಲ್ಲಿ ಕಂಡರು. 1951ರಲ್ಲಿ ಪಕ್ಷವು ಹೋರಾಟವನ್ನು ಹಿಂತೆಗೆದುಕೊಂಡಿತು.

1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ ಐದು ದಿನಗಳಲ್ಲಿ ಮುಗಿಯಿತು. ನಿಜಾಮನ ಆಳ್ವಿಕೆ ಕೊನೆಗೊಂಡಿತು. ಆದರೆ ಸಂಕಟ ಅಲ್ಲಿಗೇ ತೀರಲಿಲ್ಲ. ಏನೂ ಅರಿಯದ ಮುಸ್ಲಿಂ ಕುಟುಂಬಗಳು ಹಲವೆಡೆ ಪ್ರತೀಕಾರಕ್ಕೆ ತುತ್ತಾದವು. ಪಂಡಿತ ಸುಂದರಲಾಲರ ಸಮಿತಿ ಆ ನೋವನ್ನು ದಾಖಲಿಸಿತು. ಒಂದು ಪೀಳಿಗೆಯ ಕಥೆಯಲ್ಲಿ ಆ ಮಕ್ಕಳ ಕಣ್ಣೀರೂ ಸೇರಿದೆ.

ಇತ್ತ ದಕ್ಷಿಣ ದಡದ ಸರದಿ ಬಂದಿತು. ಪ್ರತ್ಯೇಕ ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೈಗೊಂಡಿದ್ದ ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರ್ 15ರಂದು ತೀರಿಕೊಂಡರು. ನಾಲ್ಕು ದಿನಗಳ ಬಳಿಕ ಪ್ರಧಾನಿ ನೆಹರೂ ಹೊಸ ರಾಜ್ಯವನ್ನು ಘೋಷಿಸಿದರು. ಬಳ್ಳಾರಿ ಜಿಲ್ಲೆಯ ಹತ್ತು ತಾಲ್ಲೂಕುಗಳು ಹಂಚಿಹೋದವು. ಏಳು ಮೈಸೂರಿಗೆ, ಆಲೂರು, ಆದವಾನಿ, ರಾಯದುರ್ಗ ಮೂರು ಆಂಧ್ರಕ್ಕೆ. ವಿವಾದಕ್ಕೊಳಗಾದ ಬಳ್ಳಾರಿ ತಾಲ್ಲೂಕಿನ ವಿಚಾರಣೆಗೆ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರು ನೇಮಕಗೊಂಡಿದ್ದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾಯಿತು. ಆಲೂರು, ಆದವಾನಿಗಳು ಕರ್ನೂಲು ಜಿಲ್ಲೆಗೆ ಸೇರಿದವು. ಇಲ್ಲಿ ಗುಂಡು ಹಾರಲಿಲ್ಲ, ಯಾರೂ ಊರು ಬಿಟ್ಟು ಓಡಲಿಲ್ಲ. ಮನೆ ಅದೇ, ಹೊಲ ಅದೇ. ಆಲೂರಿನ ಹುಡುಗನಿಗೆ ಜಿಲ್ಲೆಯ ಕಚೇರಿ ಮಾತ್ರ ಬಳ್ಳಾರಿಯಿಂದ ಕರ್ನೂಲಿಗೆ ಹೋಯಿತು, ಸರ್ಕಾರದ ಭಾಷೆ ತೆಲುಗಾಗುವ ಹಾದಿ ಹಿಡಿಯಿತು.

ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ರಾಯಚೂರು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಹೀಗೆ ಎರಡು ದಡಗಳ ಪಾಡು ಅದಲುಬದಲಾಯಿತು. ಉರ್ದು ಶಾಲೆಯಲ್ಲಿ ಓದು ಆರಂಭಿಸಿದ ರಾಯಚೂರಿನ ಬಾಲಕ ಕನ್ನಡ ರಾಜ್ಯದ ಪ್ರಜೆಯಾದನು. ಕನ್ನಡದಲ್ಲಿ ಅಕ್ಷರ ಕಲಿತ ಆಲೂರಿನ ಬಾಲಕ ಭಾಷಾ ಅಲ್ಪಸಂಖ್ಯಾತನಾದನು. ಇಬ್ಬರನ್ನೂ ಯಾರೂ ಕೇಳಿರಲಿಲ್ಲ.

ಆದರೆ ಆಲೂರಿನ ಬಾಲಕನಿಗೆ ನಿಜಾಮನ ಕಾಲದ ಮಗುವಿಗಿಲ್ಲದ ಒಂದು ಆಧಾರ ದೊರೆಯಿತು. ಅದೇ 1956ರಲ್ಲಿ ಸಂವಿಧಾನಕ್ಕೆ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಅದು ವಿಧಿಸುತ್ತದೆ. 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮದೇ ಶಾಲೆ ಕಟ್ಟುವ ಹಕ್ಕನ್ನು ಕೊಟ್ಟಿದೆ. ಆಂಧ್ರಪ್ರದೇಶದಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಇಂದಿಗೂ ಕನ್ನಡದಲ್ಲಿ ಬರೆಯಬಹುದು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳು ಆದವಾನಿ, ಆಲೂರು, ರಾಯದುರ್ಗ, ಮಡಕಶಿರಾಗಳನ್ನು ಹೆಸರಿಸಿ ಗಡಿನಾಡ ಕನ್ನಡ ಅಭ್ಯರ್ಥಿಗಳಿಗೆ ದಾರಿ ತೆರೆದಿವೆ. ಅವುಗಳ ಷರತ್ತುಗಳನ್ನು ಪೋಷಕರು ಮೊದಲೇ ಓದಿಕೊಳ್ಳುವುದು ಒಳಿತು.

ಇವೆಲ್ಲ ಕಾಗದದ ಮೇಲಿನ ಹಕ್ಕುಗಳು. ತರಗತಿಯಲ್ಲಿ ಮಕ್ಕಳಿದ್ದರೆ ಶಾಲೆಗೆ ಉಪಾಧ್ಯಾಯರು ಬರುತ್ತಾರೆ. ಬೆಂಚುಗಳು ಖಾಲಿಯಾದರೆ ಯಾವ ವಿಧಿಯೂ ಅದನ್ನು ಉಳಿಸಲಾರದು. ಪೋಲೆಂಡಿನ ಗುಟ್ಟಿನ ಪಾಠವಾಗಲಿ, ನಿಜಾಮನ ಸೀಮೆಯ ನೂತನ ವಿದ್ಯಾಲಯವಾಗಲಿ ನಡೆದುದು ಮಕ್ಕಳನ್ನು ಕಳುಹಿಸಿದ ತಂದೆತಾಯಿಗಳಿಂದ.

ಆ ಪೀಳಿಗೆಯವರಿಗೆ ಈಗ ಎಂಬತ್ತು ದಾಟಿದೆ. ಅವರು ಮೊದಲು ತಿದ್ದಿದ ಅಕ್ಷರ ಯಾವ ಭಾಷೆಯದು, ಜಿಲ್ಲೆ ಬದಲಾದ ವರ್ಷ ಶಾಲೆಯಲ್ಲಿ ಏನು ಬದಲಾಯಿತು, ಹೊಳೆಯಾಚೆಯ ನೆಂಟರು ಯಾವ ದಾರಿಯಲ್ಲಿ ಬಂದರು ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಈ ರಜೆಯಲ್ಲಿ ಮಕ್ಕಳು ಅಜ್ಜ ಅಜ್ಜಿಯರ ಬಳಿ ಕುಳಿತು ಕೇಳಿ, ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿಟ್ಟುಕೊಂಡರೆ ಅದು ಈ ಸೀಮೆಯ ಚರಿತ್ರೆಯಾಗುತ್ತದೆ.