ಮಾರ್ಫಿನ್ ಜತೆಗೊಂದು ಭೇದಿ ಮಾತ್ರೆ

ಬೆಂಗಳೂರಿನ ಮಾರತ್ತಹಳ್ಳಿಯ ಟ್ರಾಫಿಕ್ಕಿನಲ್ಲಿ ಬೆವರಿಳಿಸಿದವರಿಗೆಲ್ಲ ಕುಂದಲಹಳ್ಳಿ ಗೇಟ್ ಗೊತ್ತು. ಅಲ್ಲೇ ವರ್ತೂರು ರಸ್ತೆ ಬದಿಯ 'ಕರುಣಾಶ್ರಯ'ದೊಳಗೆ ಕಾಲಿಟ್ಟವರು ಕಡಿಮೆ. ಕಲ್ಲಿನ ಗೋಡೆ, ನಡುವೆ ಕೊಳ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗೆ ಇಲ್ಲಿ ಪುಕ್ಕಟೆ ಆರೈಕೆ. ಇಂಡಿಯನ್ ಕ್ಯಾನ್ಸರ್ ಸೊಸೈಟಿ ಮತ್ತು ಇಂದಿರಾನಗರದ ರೋಟರಿ ಕ್ಲಬ್ 1994ರಲ್ಲಿ ಕಟ್ಟಿದ ಟ್ರಸ್ಟ್ ಇದನ್ನು ನಡೆಸುತ್ತದೆ.

ಸಿಸ್ಟರ್ ಒಬ್ಬರು ಹಾಸಿಗೆಯ ಬಳಿ ಬಗ್ಗಿ ಕೇಳಿದ್ದು ಎರಡೇ ಪ್ರಶ್ನೆ: 'ನೋವು ಹತ್ತಕ್ಕೆ ಎಷ್ಟು, ಅಜ್ಜಿ?' ಆಮೇಲೆ, 'ಮೋಷನ್ ಆಯ್ತಾ?'

ನನ್ನ ತಲೆ ಹೊಕ್ಕಿದ್ದು ಆ ಎರಡನೆಯದು. ಇಂಥ ನೋವಿಗೆ ಕೊಡುವ ಮಾರ್ಫಿನ್ ಶುರು ಮಾಡಿದಾಗಿನ ಮಂಪರು, ವಾಕರಿಕೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಮಲಬದ್ಧತೆ ಮಾತ್ರ ಮಾತ್ರೆ ಇರುವವರೆಗೂ ಬಿಡದು. ಅದಕ್ಕೇ ಮೊದಲ ದಿನದಿಂದಲೇ ಸೋನಾಮುಖಿ ಅಥವಾ ಬಿಸಕೋಡಿಲ್‌ನಂಥ ಭೇದಿ ಮಾತ್ರೆ ಬೇಕು. ಇಸಬ್‌ಗೋಲ್ ಸಾಲದು, ನೀರು ಕಡಿಮೆ ಕುಡಿಯುವ ರೋಗಿಯ ಕರುಳಿನಲ್ಲಿ ಅದೇ ಗಟ್ಟಿಯಾಗಿ ಕೂತೀತು. ತಮಾಷೆಯೆಂದರೆ, ಭೇದಿ ನಿಲ್ಲಿಸಲು ನಾವು ನುಂಗುವ ಲೋಪೆರಮೈಡ್ ಕೂಡ ಮಾರ್ಫಿನ್ ವಂಶದ್ದೇ. ಮಾರ್ಫಿನ್ ಬಲ್ಲ ವೈದ್ಯರನ್ನು ಗುರುತಿಸಲು ನನಗಂತೂ ಜತೆಗೆ ಭೇದಿ ಮಾತ್ರೆ ಬರೆದರೇ ಎಂಬ ಒಂದು ಪರೀಕ್ಷೆ ಸಾಕು.

ಉಳಿದದ್ದು ಗಡಿಯಾರದ ಶಿಸ್ತು. ಸಾಮಾನ್ಯ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ, ನೋವು ಕೆರಳುವ ಮೊದಲೇ. ಸಣ್ಣ ಪ್ರಮಾಣದಿಂದ ಆರಂಭ, ಕಿಡ್ನಿ ಸೋತಿದ್ದರೆ ಇನ್ನೂ ಹುಷಾರು. ನಿದ್ದೆಮಾತ್ರೆ, ಮದ್ಯದ ಜತೆ ಬೆರೆತರೆ ಉಸಿರೇ ನಿಲ್ಲಬಹುದು.

ನಮ್ಮ ದೇಶದ ಕಥೆ ವಿಚಿತ್ರ. ಮಧ್ಯಪ್ರದೇಶ, ರಾಜಸ್ಥಾನದ ಹೊಲಗಳಲ್ಲಿ ಮಾರ್ಫಿನ್ನಿನ ಮೂಲವಾದ ಅಫೀಮನ್ನು ಸರ್ಕಾರದ ಪರವಾನಗಿಯಲ್ಲೇ ಬೆಳೆಯುತ್ತಾರೆ. ನೀಮಚ್, ಘಾಜಿಪುರದ ಸರ್ಕಾರಿ ಕಾರ್ಖಾನೆಗಳಿಂದ ಅದು ವಿದೇಶಕ್ಕೂ ಹೋಗುತ್ತದೆ. ಆದರೆ ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಸಹವಾಸವನ್ನೇ ಬಿಟ್ಟವು. 2014ರ ತಿದ್ದುಪಡಿ ಲೈಸೆನ್ಸುಗಳ ಸಾಲನ್ನು ತೆಗೆದು, ಮಾನ್ಯತೆ ಪಡೆದ ಆಸ್ಪತ್ರೆಗೆ ಒಂದೇ ಅನುಮತಿ ಸಾಕು ಎಂದಿತು. ಅಮೆರಿಕ ಇದಕ್ಕೆ ತದ್ವಿರುದ್ಧ: 1996ರಲ್ಲಿ ಬಂದ, ಮಾರ್ಫಿನ್ ವಂಶದ್ದೇ ಆದ ಆಕ್ಸಿಕಾಂಟಿನ್ ಮಾತ್ರೆಯನ್ನು ಸೊಂಟನೋವಿಗೂ ಧಾರಾಳವಾಗಿ ಬರೆದದ್ದರಿಂದ ಊರೂರೇ ಚಟಕ್ಕೆ ಬಿದ್ದವು. ಹಾಗಾಗಿ ಬೀಗ, ರಿಜಿಸ್ಟರ್, ಲೆಕ್ಕದ ಬಗ್ಗೆ ನನ್ನ ತಕರಾರಿಲ್ಲ. ಕ್ಯಾನ್ಸರ್ ನೋವಿನಲ್ಲಿ ಒದ್ದಾಡುವವರಿಗೆ 'ಚಟವಾದೀತು' ಎಂದು ಪ್ಯಾರಸಿಟಮಾಲ್ ಕೊಟ್ಟು ಕಳಿಸುವುದು ಮಾತ್ರ ಕ್ರೌರ್ಯ.

ನಿಮ್ಮ ಮನೆಗೆ ಮಾರ್ಫಿನ್ ಚೀಟಿ ಬಂದರೆ, ಅದರಲ್ಲಿ ಭೇದಿ ಮಾತ್ರೆಯೂ ಇದೆಯೇ ನೋಡಿ. ಇಲ್ಲದಿದ್ದರೆ ನಾಚದೆ ಕೇಳಿ. ಉಳಿದ ಮಾತ್ರೆಗಳನ್ನು ಪಕ್ಕದ ಮನೆಯವರ ಮಂಡಿನೋವಿಗೆ ಕೊಡಬೇಡಿ, ತಂದ ಆಸ್ಪತ್ರೆಗೇ ಹಿಂತಿರುಗಿಸಿ.