ಬಾಟಲಿಯ ವಯಸ್ಸು ಹೇಳುವ ಗೆರೆ

ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡ ಎಂದರೆ ಕಾರು, ಸ್ಕೂಟರು, ಪಾಳಿ ಕೆಲಸ. ಹಳೇ ಗಾಜಿನ ಬಾಟಲಿ ಹುಡುಕುವವರಿಗೂ ಇದು ಹೇಳಿಮಾಡಿಸಿದ ಊರು. ಒಂದು ಮಗ್ಗುಲಿಗೆ ಬ್ರಿಟಿಷರ ಖಡ್ಕಿ ದಂಡು, ಇನ್ನೊಂದು ಮಗ್ಗುಲಿಗೆ ತಳೇಗಾಂವ್. ಅಲ್ಲಿ 1908ರಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾಯಿತು. ತಿಲಕರ ಬೆಂಬಲದಲ್ಲಿ, ಜನ ಒಂದೊಂದು ಪೈಸೆ ಕೂಡಿಸಿ ಕಟ್ಟಿದ ಸ್ವದೇಶಿ ಕಾರ್ಖಾನೆ ಅದು.

ಪುಣೆಯ ಜೂನಾ ಬಜಾರ್ ಬುಧವಾರ, ಭಾನುವಾರ ಸೇರುತ್ತದೆ. ಅಲ್ಲಿ ಬಾಟಲಿ ಕೈಗೆ ಬಂದರೆ ಮೊದಲು ಅಚ್ಚಿನ ಗೆರೆ ನೋಡಿ. ಬದಿಯಲ್ಲಿ ಮೇಲೇರುವ ಆ ಗೆರೆ ಕತ್ತಿನಲ್ಲೇ ನಿಂತಿದ್ದರೆ ಬಾಯಿಯನ್ನು ಕೈಯಲ್ಲಿ ತಿದ್ದಿದ್ದಾರೆ. ಬಾಯಿಯ ಅಂಚನ್ನೂ ದಾಟಿದ್ದರೆ ಯಂತ್ರದ ಕೆಲಸ. ಅಮೆರಿಕದಲ್ಲಿ ಬಾಟಲಿ ಮಾಡುವ ಓವೆನ್ಸ್ ಯಂತ್ರ ಬಂದದ್ದು 1903ರ ಸುಮಾರಿಗೆ. ಅಲ್ಲಿನ ಪುಸ್ತಕಗಳು ಈ ಗೆರೆಯಿಂದಲೇ ಕಾಲ ಅಳೆಯುತ್ತವೆ. ನಮ್ಮಲ್ಲಿ ಆ ಲೆಕ್ಕ ನಡೆಯದು. ಯಂತ್ರ ಬಂದ ಎಷ್ಟೋ ವರ್ಷಗಳ ನಂತರವೂ ಇಲ್ಲಿ ಕುಲುಮೆಯ ಮುಂದೆ ಕೊಳವೆ ಹಿಡಿದು ಊದುತ್ತಲೇ ಇದ್ದರು. ಹಾಗಾಗಿ ಕತ್ತಿನಲ್ಲಿ ನಿಂತ ಗೆರೆ ಕಂಡೊಡನೆ ನೂರು ವರ್ಷದ ಬೆಲೆ ಕೊಡಬೇಡಿ. ತಳದ ಉಬ್ಬಕ್ಷರ ಓದಿ, ಎಲ್ಲಿ ಸಿಕ್ಕಿತೆಂದು ಕೇಳಿ.

ಗೋಲಿ ಸೋಡಾ ಬಾಟಲಿಯಲ್ಲೂ ಇದೇ ಎಚ್ಚರ ಬೇಕು. ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅದು. ಒಳಗಿನ ಅನಿಲದ ಒತ್ತಡ ಗೋಲಿಯನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಕುಡಿಯುವಾಗ ಕತ್ತಿನ ಕುಳಿ ಗೋಲಿಯನ್ನು ತಡೆಯುತ್ತದೆ. ಆದರೆ ಇಂಥ ಬಾಟಲಿ ಈಗಲೂ ತಯಾರಾಗುತ್ತದೆ.

ನನ್ನ ಮಟ್ಟಿಗೆ ಈ ಊರಿನ ನಿಜವಾದ ಸೊತ್ತು ಪೆನ್ಸಿಲಿನ್ ಶೀಶೆ. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆ್ಯಂಟಿಬಯೋಟಿಕ್ಸ್ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ನೆರವಿನಿಂದ ಬಂದ ಈ ಸರ್ಕಾರಿ ಕಾರ್ಖಾನೆಗೆ ಊರವರು ‘ಎಚ್‌ಎ’ ಎನ್ನುತ್ತಾರೆ. ಹೆಬ್ಬೆರಳಿನಷ್ಟು ಶೀಶೆ, ದಪ್ಪ ಚಪ್ಪಟೆ ಬಾಯಿ, ರಬ್ಬರ್ ಬಿರಡೆ, ಮೇಲೆ ಅಲ್ಯೂಮಿನಿಯಂ ಮುಚ್ಚಳ. ಬರೀ ಶೀಶೆಗಳು ಎಲ್ಲ ಒಂದೇ ಥರ. ಇದು ಎಚ್‌ಎಯದು ಎಂದು ಸಾಕ್ಷಿ ಹೇಳುವುದು ಲೇಬಲ್ ಒಂದೇ. ವಿದೇಶಿ ವಿಸ್ಕಿ ಬಾಟಲಿಗೆ ಸಾವಿರಾರು ರೂಪಾಯಿ ಸುರಿಯುವವರೂ ಇದನ್ನು ಗುಜರಿಗೆ ಬಿಡುತ್ತಾರೆ ಎಂಬುದೇ ನನ್ನ ಸಂಕಟ.

ಲೇಬಲ್ ಇರುವ ಶೀಶೆ ಸಿಕ್ಕರೆ ನೀರಲ್ಲಿ ನೆನೆಹಾಕಬೇಡಿ, ಒಣ ಕುಂಚದಿಂದ ದೂಳು ತೆಗೆದರೆ ಸಾಕು. ಒಳಗೆ ಪುಡಿ ಉಳಿದಿದ್ದರೆ ಬಿರಡೆ ಬಿಚ್ಚಲೇಬೇಡಿ. ಪೆನ್ಸಿಲಿನ್ ಕೆಲವರ ಮೈಗೆ ಆಗುವುದಿಲ್ಲ. ಯಾರ ಮನೆಯದು, ಯಾವ ದವಾಖಾನೆಯದು ಎಂದು ಚೀಟಿ ಬರೆದು ಜೊತೆಗಿಡಿ.